ಹಾಡಿಗೊಂದು ಅಂಕಿತ



ಕಣ್ಣಿಗೆ ಕಾಣುವ ಗುರುತಿನ ಬಗ್ಗೆ ಮಾತಾಡಲು ನನ್ನನ್ನು ರೇಡಿಯೊದ ಮೈಕಿನ ಮುಂದೆ ಕೂರಿಸಿದ್ದಾರೆ. ಇಲ್ಲಿ ಏನೂ ಕಾಣುವುದಿಲ್ಲ. ಆದರೂ ಬೆಳಗಿನ ಜಾವ ತಂಬೂರಿಯ ಶ್ರುತಿಯ ಮೇಲೆ ಪಿಟೀಲಿನ ಆ ಸಣ್ಣ ರಾಗ ತೇಲಿಬಂದರೆ, ಅಡುಗೆಮನೆಯಲ್ಲಿದ್ದವರೂ ಹೇಳುತ್ತಾರೆ: ಆಕಾಶವಾಣಿ ಶುರುವಾಯಿತು. ಪ್ರಾಗ್ ಕಡೆಯಿಂದ ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ವಾಲ್ಟರ್ ಕಾಫ್‌ಮನ್ 1936ರಲ್ಲಿ ಕಟ್ಟಿದ ರಾಗ ಅದು. ತೊಂಬತ್ತು ವರ್ಷಗಳಾಗುತ್ತ ಬಂದರೂ ಬದಲಾಗಿಲ್ಲ. ಗುರುತು ಎಂದರೆ ಇದು. ಹೆಸರು ಹೇಳುವ ಮೊದಲೇ ಯಾರೆಂದು ತಿಳಿಯಬೇಕು.

ಇವತ್ತಿನ ವಿಷಯ ಸಂಗೀತ ತಂಡಗಳ ಗುರುತು, ಮತ್ತು ಕಂಪನಿಯ ಹಂಗಿಲ್ಲದೆ ನಮ್ಮ ಹಾಡನ್ನು ನಾವೇ ಇಂಟರ್‌ನೆಟ್ಟಿನಲ್ಲಿ ಜನಕ್ಕೆ ಮುಟ್ಟಿಸುವ ಬಗೆ. ಬ್ಯಾಂಡ್ ಎಂದರೆ ನಮ್ಮ ಹೊಸಪೇಟೆಯಲ್ಲಿ ಮೊದಲು ಕಣ್ಣಮುಂದೆ ಬರುವುದು ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ಕೆಂಪು ಕೋಟು, ಹೆಗಲ ಮೇಲೆ ಜರಿಯ ಗೊಂಡೆ, ದೊಡ್ಡ ಡ್ರಮ್ಮಿನ ಮುಖದ ಮೇಲೆ ದಪ್ಪಕ್ಷರದಲ್ಲಿ ತಂಡದ ಹೆಸರು, ಊರು, ಕೆಳಗೆ ಫೋನ್ ನಂಬರು. ಯಾವ ಕಾಲೇಜಿನಲ್ಲೂ ಓದದೆ ಅವರು ಮಾರ್ಕೆಟಿಂಗಿನ ಪಾಠ ಕಲಿತಿದ್ದಾರೆ. ಮೆರವಣಿಗೆ ಹಾದುಹೋಗುವ ಎರಡು ನಿಮಿಷದಲ್ಲಿ ದಾರಿಬದಿಯವನಿಗೆ ಮೂರು ಸಂಗತಿ ತಿಳಿಯುತ್ತವೆ: ಇವರು ಯಾರು, ಎಲ್ಲಿಯವರು, ಬೇಕಾದಾಗ ಹಿಡಿಯುವುದು ಹೇಗೆ.

ನಾನು ಊರಿನಲ್ಲಿ ಕರಪತ್ರ, ಪೋಸ್ಟರು, ಲಗ್ನಪತ್ರಿಕೆ ಡಿಸೈನ್ ಮಾಡುವವನು. ಸಂಜೆ ಗೆಳೆಯರ ತಂಡದಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ಒಂದು ದಿನ ಕಂಪ್ಲಿಯಿಂದ ನಾಲ್ಕು ಹುಡುಗರು ಅಂಗಡಿಗೆ ಬಂದರು. "ಅಣ್ಣ, ಹಾಡು ಯೂಟ್ಯೂಬಿಗೆ ಹಾಕಿ ಮೂರು ತಿಂಗ್ಳಾತು. ಮನೇರು ಬಿಟ್ರೆ ಯಾರೂ ನೋಡಿಲ್ಲ. ಒಂದು ಭರ್ಜರಿ ಲೋಗೋ ಮಾಡ್ಕೊಡಣ್ಣ" ಎಂದರು.

"ಮೊದಲು ಹಾಡು ಕೇಳಿಸ್ರಪ್ಪ" ಎಂದೆ.

ಹಾಡು ಚೆನ್ನಾಗಿತ್ತು. ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ, ಹೊಳೆಯಾಚೆಯ ಗಂಗಾವತಿ ಕಡೆಯ ಜನ ದೂರವಾಗುತ್ತಾರಲ್ಲ, ಅದರ ಮೇಲೆ ಕಟ್ಟಿದ ಹಾಡು. ತಮಟೆಯ ಪೆಟ್ಟು, ಕೀಬೋರ್ಡಿನ ಎಳೆ, ತೆರೆದ ಗಂಟಲು. ಮುಗಿದ ಮೇಲೆ ಅವರ ಫೋನಿನ ಪರದೆ ನೋಡಿದೆ. ಹಾಡಿನ ಶೀರ್ಷಿಕೆ "ನ್ಯೂ ಸಾಂಗ್ ಫೈನಲ್ 2". ಚಿತ್ರದ ಜಾಗದಲ್ಲಿ ಯಾರದೋ ಮಸುಕಾದ ಸೆಲ್ಫಿ. ಹಾಡಿದವರ ಹೆಸರಿಲ್ಲ, ಬರೆದವರ ಹೆಸರಿಲ್ಲ, ಕಂಪ್ಲಿ ಎಂಬ ಎರಡಕ್ಷರವೂ ಇಲ್ಲ. "ತಮ್ಮಾ, ಲೋಗೋ ಆಮೇಲೆ ಮಾಡೋಣ. ಮೊದಲು ಅಂಕಿತ ಹಾಕ್ರಿ" ಎಂದೆ.

ಅಂಕಿತ ಎಂದರೇನೆಂದು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಹಂಪಿಯಲ್ಲಿ ತುಂಗಭದ್ರೆಯ ದಂಡೆಗೆ ಪುರಂದರ ಮಂಟಪವಿದೆ. 1564ರಲ್ಲಿ ತೀರಿಕೊಂಡ ಪುರಂದರದಾಸರಿಗೆ ಅಚ್ಚುಕೂಟವಿರಲಿಲ್ಲ, ರೆಕಾರ್ಡ್ ಕಂಪನಿ ಇರಲಿಲ್ಲ. ಅವರ ಹಾಡು ಬಾಯಿಂದ ಬಾಯಿಗೆ ಹೋಯಿತು, ಕಾಣದ ಊರುಗಳಿಗೆ ಹೋಯಿತು. ಎಲ್ಲಿಗೆ ಹೋದರೂ ಕೊನೆಯ ಚರಣದಲ್ಲಿ 'ಪುರಂದರ ವಿಠಲ' ಎಂಬ ಎರಡು ಪದ ಜೊತೆಗೇ ಹೋದವು. ಅಂಕಿತ ಹಾಡಿನ ಹೊರಗೆ ಅಂಟಿಸಿದ ಚೀಟಿಯಲ್ಲ, ಹಾಡಿನೊಳಗೇ ನೇಯ್ದ ಎಳೆ. ಚೀಟಿ ಹರಿದುಹೋಗುತ್ತದೆ, ಎಳೆ ಹರಿಯಬೇಕಾದರೆ ಬಟ್ಟೆಯೇ ಹರಿಯಬೇಕು.

ಯಂತ್ರದ ಕಾಲ ಬಂದಾಗಲೂ ಇದೇ ಬೇಕಾಯಿತು. 1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಬೇಕಲ್ಲ? ಅದಕ್ಕೇ ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಹಾಕಿದ್ದು ಕೂಡ ಅಂಕಿತವೇ. ಇಂದು ವಾಟ್ಸಾಪಿನಲ್ಲಿ ಹಾಡಿನ ತುಂಡು ಹಾರಾಡುವಾಗ ಕವರು, ವಿವರ, ಲಿಂಕು ಎಲ್ಲ ಕಳಚಿಬೀಳುತ್ತವೆ. ಉಳಿಯುವುದು ದನಿ ಮಾತ್ರ. ಆ ದನಿಯೊಳಗೆ ನಿಮ್ಮ ಹೆಸರಿದೆಯೇ?

ಹಾಗಾದರೆ ಮೊದಲ ಕೆಲಸ ಹೆಸರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರನ್ನು ನೆನೆಯಿರಿ. ಅಲೆಮಾರಿ ಬುಡ್ಗ ಜಂಗಮ ಸಮುದಾಯದಲ್ಲಿ ಹುಟ್ಟಿ, ದಿನಗಟ್ಟಲೆ ಹಾಡಬಹುದಾದ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದವರು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಪಡೆದವರು, 2014ರಲ್ಲಿ ತೀರಿಕೊಂಡರು. ಜನ ಅವರನ್ನು ಕರೆದದ್ದು ಎರಡೇ ಬಗೆಯಲ್ಲಿ: ಬುರ್ರಕಥಾ ಈರಮ್ಮ, ದರೋಜಿ ಈರಮ್ಮ. ಒಂದರಲ್ಲಿ ಕಲೆ, ಇನ್ನೊಂದರಲ್ಲಿ ಊರು. ಬೆಂಗಳೂರಿನ ರ‍್ಯಾಪ್ ಹಾಡುಗಾರ ಅಲೋಕ್ ತಮ್ಮ ಹೆಸರನ್ನೇ ಸ್ವಲ್ಪ ತಿರುಚಿ 'ಆಲ್ ಓಕೆ' ಮಾಡಿಕೊಂಡರು. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಹೆಸರಿಡುವ ಮುನ್ನ ಆ ಹೆಸರನ್ನು ಯೂಟ್ಯೂಬಿನಲ್ಲಿ ಹುಡುಕಿ ನೋಡಿ. ಬರೀ 'ಹಂಪಿ' ಎಂದಿಟ್ಟರೆ ಮೊದಲು ಬರುವುದು ಪ್ರವಾಸದ ವಿಡಿಯೊಗಳು, ನೀವು ನೂರನೆಯವರು. ಆಮೇಲೆ ಇಂಗ್ಲಿಷ್ ಅಕ್ಷರಗಳ ಫಜೀತಿ. ನಮ್ಮ ಊರು ಸರ್ಕಾರಿ ದಾಖಲೆಯಲ್ಲಿ 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಆದದ್ದು 2014ರ ನವೆಂಬರ್ 1ರಂದು. ಇಂದಿಗೂ ಅರ್ಧ ಜನ ಹಾಗೆ ಬರೆಯುತ್ತಾರೆ, ಅರ್ಧ ಜನ ಹೀಗೆ. ಒಂದು ಊರಿಗೇ ಈ ಕಷ್ಟವಾದರೆ ನಾಲ್ಕು ಜನರ ತಂಡದ ಗತಿ ಏನು? ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಕಾಗುಣಿತ ನಿಗದಿ ಮಾಡಿಕೊಳ್ಳಿ. ಯೂಟ್ಯೂಬು, ಇನ್‌ಸ್ಟಾಗ್ರಾಂ, ಪೋಸ್ಟರು, ಬಿಲ್ಲು, ಎಲ್ಲ ಕಡೆ ಅದೇ ಇರಲಿ. ದಾಸರು ಒಂದು ಪದದಲ್ಲಿ ಒಂದು ಅಂಕಿತ, ಮತ್ತೊಂದರಲ್ಲಿ ಮತ್ತೊಂದು ಹಾಕಿಕೊಂಡಿದ್ದರೆ ಇಂದು ಯಾವುದು ಯಾರದೆಂದು ಹೇಳಲಾಗುತ್ತಿತ್ತೇ?

ಹೆಸರಾದ ಮೇಲೆ ಲಾಂಛನ. ಈಗಿನವರು ಲೋಗೋ ಎನ್ನುತ್ತಾರೆ. ನಮ್ಮ ವಿಜಯನಗರದವರ ಲೋಗೋ ವರಾಹ, ಎದುರಿಗೆ ಖಡ್ಗ, ಮೇಲೆ ಸೂರ್ಯಚಂದ್ರ. ತಾಮ್ರಪಟದ ಪಠ್ಯ ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿದ್ದರೂ ಕೊನೆಗೆ ಕನ್ನಡ ಅಕ್ಷರದಲ್ಲಿ 'ಶ್ರೀ ವಿರೂಪಾಕ್ಷ' ಎಂಬ ಒಪ್ಪ. ಅವರ ಬಂಗಾರದ ನಾಣ್ಯ ನೋಡಿದ್ದೀರಾ? ವರಾಹ ಎಂದೇ ಅದರ ಹೆಸರು. ತೂಕ ಸುಮಾರು 3.4 ಗ್ರಾಂ, ಅಗಲ ಬೆರಳಿನ ಉಗುರಿನಷ್ಟು. ಕೃಷ್ಣದೇವರಾಯನ ನಾಣ್ಯದಲ್ಲಿ ಬಾಲಕೃಷ್ಣ ಕೂತಿದ್ದಾನೆ. ಅಚ್ಯುತರಾಯನದರಲ್ಲಿ ಗಂಡಭೇರುಂಡ. ಉಗುರಿನಷ್ಟು ಜಾಗದಲ್ಲಿ ಒಂದೇ ಆಕೃತಿ, ಆದರೂ ಸಂತೆಯ ರೈತನಿಗೆ ಇದು ಯಾವ ದೊರೆಯದೆಂದು ಗೊತ್ತಾಗಬೇಕು.

ನಿಮ್ಮ ಫೋನಿನಲ್ಲಿ ತಂಡದ ಗುರುತು ಕಾಣುವುದೂ ಅಷ್ಟೇ ಗಾತ್ರದಲ್ಲಿ. ಅಂಗಡಿಗೆ ಬರುವ ಹುಡುಗರು ಹೇಳುವುದು ಮಾತ್ರ ಬೇರೆ: "ಅಣ್ಣ, ಒಂದು ಕಲ್ಲಿನ ರಥ ಇರ್ಲಿ, ಹಿಂದೆ ಗೋಪುರ, ಮಧ್ಯ ಗಿಟಾರು, ಸುತ್ತ ಬೆಂಕಿ." ಅಷ್ಟನ್ನೂ ಹಾಕಿ ಉಗುರಿನಷ್ಟು ಮಾಡಿದರೆ ಕಾಣುವುದು ಒಂದು ಕಪ್ಪು ಮಚ್ಚೆ. ನಮ್ಮ ತಂಡದವರೂ ಮೊದಲು ಕಲ್ಲಿನ ರಥವನ್ನೇ ಹಾಕಿಕೊಂಡಿದ್ದೆವು. ಒಬ್ಬ ಅಜ್ಜ ಪೋಸ್ಟರು ನೋಡಿ "ಹೋಟ್ಲು ಎಲ್ಲಿ ಬರ್ತದಪ್ಪ?" ಎಂದು ಕೇಳಿದ. ಅಂದೇ ತೆಗೆದುಹಾಕಿದೆವು. ರಥ ಈಗ 50 ರೂಪಾಯಿ ನೋಟಿನ ಮೇಲಿದೆ, ಲಾಡ್ಜಿನ ಬೋರ್ಡಿನ ಮೇಲಿದೆ, ಟೀ ಶರ್ಟಿನ ಮೇಲಿದೆ. ಎಲ್ಲರದಾದ ಚಿಹ್ನೆ ಯಾರನ್ನೂ ಗುರುತಿಸುವುದಿಲ್ಲ. ಕಂಪ್ಲಿಯ ಹುಡುಗರಿಗೆ ನಾನು ಬರೆದುಕೊಟ್ಟದ್ದು ಮೇಲಿನಿಂದ ನೋಡಿದ ಹರಿಗೋಲು: ಒಂದು ವೃತ್ತ, ಒಳಗೆ ಬಿದಿರಿನ ಹೆಣಿಗೆಯ ನಾಲ್ಕು ಗೆರೆ. ದೂರದಿಂದ ನೋಡಿದರೆ ಅದೇ ತಮಟೆಯ ಹಾಗೂ ಕಾಣುತ್ತದೆ.

ಇನ್ನು ಅಕ್ಷರ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನನ್ನ ಕಸುಬೇ ಇದು. ಕನ್ನಡದ ಅಕ್ಷರ ಮೇಲೆ ಕೆಳಗೆ ಎರಡೂ ಕಡೆ ಬೆಳೆಯುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ಇಂಗ್ಲಿಷಿಗಾಗಿ ಮಾಡಿದ ಚೌಕಟ್ಟಿನಲ್ಲಿ ಕೂರಿಸಿದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಕೆಲವು ಸಾಫ್ಟ್‌ವೇರುಗಳಲ್ಲಿ ಸರಿಯಾದ ಆಯ್ಕೆ ಮಾಡಿಕೊಳ್ಳದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಸಾಲಾಗಿ ನಿಲ್ಲುತ್ತದೆ. ಒಮ್ಮೆ ಸಾವಿರ ಕರಪತ್ರ ಹಾಗೇ ಅಚ್ಚಾಗಿ ಬಂದು ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಇನ್ನೊಂದು ಮಾತು: ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಅಚ್ಚಿಗೆ ಸರಿ, ಇಂಟರ್‌ನೆಟ್ಟಿಗೆ ಅಂಟಿಸಿದರೆ ಅರ್ಥವಾಗದ ಗೀಚು. ಯೂನಿಕೋಡಿನಲ್ಲಿ ಬರೆದರೆ ಮಾತ್ರ ಹುಡುಕಿದವನಿಗೆ ಸಿಗುತ್ತೀರಿ. ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೊ ಸಾನ್ಸ್ ಕನ್ನಡ ಇಂಥ ಫಾಂಟುಗಳು ಮುಕ್ತ ಪರವಾನಗಿಯವು, ದುಡ್ಡು ಕೊಡದೆ ಧಾರಾಳವಾಗಿ ಬಳಸಬಹುದು. ಇಲ್ಲವಾದರೆ ಊರಿನಲ್ಲಿ ಬ್ರಷ್ಷು ಹಿಡಿದು ಬೋರ್ಡು ಬರೆಯುವ ಹಿರಿಯರು ಇನ್ನೂ ಒಬ್ಬಿಬ್ಬರಿದ್ದಾರೆ. ಅವರಿಂದ ಹೆಸರು ಬರೆಸಿ, ಫೋಟೊ ತೆಗೆದು, ಅದನ್ನೇ ಇಟ್ಟುಕೊಳ್ಳಿ. ಅಂಥ ಅಕ್ಷರ ಲೋಕದಲ್ಲಿ ಇನ್ನೊಬ್ಬರ ಹತ್ತಿರ ಇರುವುದಿಲ್ಲ.

ಬಣ್ಣ ಹುಡುಕಲು ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ಸಂಡೂರಿನ ಅದಿರಿನ ಕೆಂಪು, ಕಂಪ್ಲಿಯ ಭತ್ತದ ಗದ್ದೆಯ ಹಸಿರು, ಹಂಪಿಯ ಬಂಡೆಗೆ ಸಂಜೆ ಬಿಸಿಲು ಬಿದ್ದಾಗಿನ ಜೇನು ಬಣ್ಣ. ಎರಡು ಬಣ್ಣ ಆರಿಸಿ, ಮೂರನೆಯದಕ್ಕೆ ಆಸೆ ಪಡಬೇಡಿ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯಂತೂ ಜಗತ್ತಿಗೇ ಗೊತ್ತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಆ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ವೇದಿಕೆಯ ಅಂಗಿಗೆ ಅದು ಬೇಕೆಂದರೆ ಅವರಿಂದಲೇ ಹೊಲಿಸಿ, ಹೊಲಿದವರ ಹೆಸರು ಹೇಳಿ. ಆ ವಿನ್ಯಾಸವನ್ನು ಬಟ್ಟೆಯ ಮೇಲೆ ಪ್ರಿಂಟು ಹೊಡೆಸಿ ಲಂಬಾಣಿ ಕಸೂತಿ ಎಂದು ಕರೆಯುವುದು ಅವರ ಅಂಕಿತ ಕದ್ದಂತೆ.

ಉಡುಗೆಯೂ ಗುರುತೇ. ರಘು ದೀಕ್ಷಿತ್ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಯೇ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, ಮರುವರ್ಷ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿದರು. ಸ್ವರಾತ್ಮ ತಂಡದ ವಾಸು ದೀಕ್ಷಿತ್ ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿದರು. ನಮ್ಮ ಜಾತ್ರೆಯ ಕೀಲುಕುದುರೆಯ ನೆನಪು ಅದು. ಇವರು ವೇಷವನ್ನು ಬಾಡಿಗೆಗೆ ತಂದವರಲ್ಲ, ಹಾಡು ಎಲ್ಲಿಂದ ಬಂತೋ ವೇಷವನ್ನೂ ಅಲ್ಲಿಂದಲೇ ತಂದರು. ಹಾಡು ಹೊಲದ್ದು, ಕವರಿನ ಫೋಟೊ ದುಬೈನದು ಎಂದಾದರೆ ಕೇಳುಗ ಎರಡನ್ನೂ ನಂಬುವುದಿಲ್ಲ.

ಫೋಟೊ, ವಿಡಿಯೊ ವಿಚಾರದಲ್ಲಿ ಒಂದು ಎಚ್ಚರಿಕೆ. ಹಂಪಿಯ ಸ್ಮಾರಕಗಳು ಪುರಾತತ್ತ್ವ ಇಲಾಖೆಯವು. ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು, ಸುಮ್ಮನೆ ಹೋಗಿ ಸ್ಟ್ಯಾಂಡು ನಿಲ್ಲಿಸಿ ಕುಣಿಯುವ ಹಾಗಿಲ್ಲ. ವಿಠ್ಠಲ ದೇವಸ್ಥಾನದ ಸ್ವರದ ಕಂಬಗಳನ್ನು ತಟ್ಟಿ ರೆಕಾರ್ಡ್ ಮಾಡುತ್ತೇವೆ ಎಂಬ ಆಸೆಯಂತೂ ಬೇಡವೇ ಬೇಡ. ತಟ್ಟಿ ತಟ್ಟಿಯೇ ಅವು ಸವೆದಿವೆ. ಸ್ಮಾರಕದ ಹೊರಗೂ ನಮ್ಮ ನಾಡು ಬೇಕಾದಷ್ಟಿದೆ: ಬಾಳೆತೋಟ, ಕಬ್ಬಿನ ಗಾಡಿ, ಕಾಲುವೆಯ ಏರಿ, ಸಂಡೂರಿನ ಗುಡ್ಡದ ಮೇಲೆ ಇಳಿದ ಮಳೆಮೋಡ.

ಈಗ ಹಾಡನ್ನು ಸಂತೆಗೆ ಒಯ್ಯುವ ಮಾತು. ಸ್ವಂತವಾಗಿ ಪ್ರಸಾರ ಮಾಡುವುದು ಕನ್ನಡಿಗರಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವಾಟ್ ಯಂತ್ರವಿಟ್ಟು ರೇಡಿಯೊ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಇಡೀ ದೇಶಕ್ಕೆ ಹೋಯಿತು. ಅಂದು ಪ್ರಾಧ್ಯಾಪಕರಿಗೆ ಬೇಕಾದ ಯಂತ್ರ ಇಂದು ಎಲ್ಲರ ಜೇಬಿನಲ್ಲಿದೆ.

ಯೂಟ್ಯೂಬಿಗೆ ನೀವೇ ಹಾಕಬಹುದು. ಸ್ಪಾಟಿಫೈ, ಜಿಯೊಸಾವನ್, ಆಪಲ್ ಮ್ಯೂಸಿಕ್‌ನಂಥ ಕಡೆಗೆ ಹೋಗಲು ವಿತರಕ ಸಂಸ್ಥೆಯೊಂದು ಬೇಕು. ವರ್ಷಕ್ಕಿಷ್ಟು ಶುಲ್ಕ ಅಥವಾ ಗಳಿಕೆಯಲ್ಲಿ ಪಾಲು ಪಡೆದು ಅವರು ಹಾಡನ್ನು ಎಲ್ಲ ಅಂಗಡಿಗೂ ಹಂಚುತ್ತಾರೆ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತ ಸಿಗುತ್ತದೆ. ಅದು ಯಂತ್ರ ಓದುವ ಅಂಕಿತ, ಬರೆದಿಟ್ಟುಕೊಳ್ಳಿ. ಕವರು ಚೌಕವಾಗಿರಬೇಕು, 3000ಕ್ಕೆ 3000 ಪಿಕ್ಸೆಲ್ ಇದ್ದರೆ ಎಲ್ಲ ಕಡೆ ನಡೆಯುತ್ತದೆ. ಡ್ರಮ್ಮಿನ ಮೇಲೆ ಫೋನ್ ನಂಬರು ಇರುತ್ತದೆ ಎಂದೆನಲ್ಲ, ಈ ಕವರಿನ ಮೇಲೆ ಮಾತ್ರ ಹಾಕಬೇಡಿ. ಫೋನ್ ನಂಬರು, ಲಿಂಕು ಇದ್ದರೆ ವಿತರಕರು ವಾಪಸ್ ಕಳಿಸುತ್ತಾರೆ. ಯೂಟ್ಯೂಬಿನ ಚಿತ್ರದಲ್ಲಿ ಕೆಳಗಿನ ಬಲಮೂಲೆ ಖಾಲಿ ಬಿಡಿ, ಅಲ್ಲಿ ಹಾಡಿನ ಅವಧಿ ಬಂದು ಕೂರುತ್ತದೆ. ಬಿಡುಗಡೆಯ ದಿನವನ್ನು ಮೂರು ನಾಲ್ಕು ವಾರ ಮುಂದಿಟ್ಟುಕೊಳ್ಳಿ. ಸ್ಪಾಟಿಫೈ ಸಂಪಾದಕರಿಗೆ ಹಾಡನ್ನು ತೋರಿಸಲು ಕನಿಷ್ಠ 7 ದಿನ ಮುಂಚೆ ಕಳಿಸಬೇಕು.

ದುಡ್ಡಿನ ಲೆಕ್ಕ ಮುಚ್ಚಿಡದೆ ಹೇಳುತ್ತೇನೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಇಲ್ಲವೇ ಶಾರ್ಟ್ಸ್‌ಗೆ 90 ದಿನದಲ್ಲಿ ಒಂದು ಕೋಟಿ ನೋಟ. 2024ರಿಂದ ಸ್ಪಾಟಿಫೈ ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸದ ಹಾಡಿಗೆ ಕಾಸು ಕೊಡುವುದಿಲ್ಲ. ಅಲ್ಲಿಗೆ, ಇಂಟರ್‌ನೆಟ್ಟು ನಿಮ್ಮ ಹೊಲವಲ್ಲ, ವಿಳಾಸದ ಚೀಟಿ. ಹಾಡು ಕೇಳಿದವರು ಹುಡುಕಿಕೊಂಡು ಬಂದು ಜಾತ್ರೆಗೆ, ಗಣೇಶನ ಹಬ್ಬಕ್ಕೆ, ಮದುವೆಗೆ ಕರೆಯಬೇಕು. ಹಂಪಿ ಉತ್ಸವದ ಸ್ಥಳೀಯ ವೇದಿಕೆಗೆ ಅರ್ಜಿ ಹಾಕುವಾಗ ತೋರಿಸಲು ಒಂದು ಒಳ್ಳೆಯ ವಿಡಿಯೊ ಇರಬೇಕು. ಆಕಾಶವಾಣಿಯ ಧ್ವನಿ ಪರೀಕ್ಷೆಗೂ ಅರ್ಜಿ ಹಾಕಿ, ಇಲ್ಲಿ ಸಿಕ್ಕ ಶ್ರೇಣಿ ಎಲ್ಲಿಗೆ ಹೋದರೂ ಬೆಲೆ ತರುತ್ತದೆ.

ಬೇರೆಯವರ ಜಗುಲಿಯನ್ನು ಸ್ವಂತ ಮನೆ ಎಂದುಕೊಳ್ಳಬೇಡಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳನ್ನು ಕೂಡಿಸಿದ್ದವರು ರಾತ್ರಿ ಬೆಳಗಾಗುವಷ್ಟರಲ್ಲಿ ಬರಿಗೈಯಾದರು. ಅದಕ್ಕೇ ಕಾರ್ಯಕ್ರಮ ಮುಗಿದ ಮೇಲೆ ಬಂದು ಕೈಕುಲುಕುವವರ ಫೋನ್ ನಂಬರನ್ನು ಅವರ ಒಪ್ಪಿಗೆ ಪಡೆದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಹೊಸ ಹಾಡು ಬಂದಾಗ ಮೊದಲು ಅವರಿಗೆ ಕಳಿಸಿ. ನಿಮ್ಮ ಹಾಡಿಗಾಗಿ ಕಾಯುವ ಇನ್ನೂರು ಜನ ಸುಮ್ಮನೆ ಬೆರಳಾಡಿಸಿ ಮುಂದೆ ಹೋಗುವ ಇಪ್ಪತ್ತು ಸಾವಿರಕ್ಕಿಂತ ಮೇಲು.

ಕೊನೆಗೆ ಹಕ್ಕಿನ ಮಾತು. ದಾಸರ ಪದಕ್ಕೆ ಯಾರೂ ಹಣ ಕೇಳುವುದಿಲ್ಲ. ಸಿನಿಮಾ ಧಾಟಿಗೆ, ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ತಾಳಕ್ಕೆ ಕೇಳುತ್ತಾರೆ. ಹಾಗೆ ಹಾಕಿದರೆ ನಿಮ್ಮ ವಿಡಿಯೊದ ಗಳಿಕೆ ಅವರಿಗೆ ಹೋಗುತ್ತದೆ. ಸಾಹಿತ್ಯ, ಸಂಗೀತ ನಿಮ್ಮದೇ ಆದರೆ ಬರೆದವರಿಗೆ, ರಾಗ ಹಾಕಿದವರಿಗೆ ರಾಯಧನ ವಸೂಲಿ ಮಾಡಿಕೊಡುವ, 1969ರಲ್ಲಿ ಹುಟ್ಟಿದ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಬರೆದವರ, ರಾಗ ಹಾಕಿದವರ ರಾಯಧನದ ಪಾಲನ್ನು ಬರೆಸಿಕೊಳ್ಳಲು ಕಾನೂನು ಯಾವ ಕಂಪನಿಗೂ ಬಿಡುವುದಿಲ್ಲ. ಹಾಗೆಯೇ ಕುಮಾರರಾಮನ ಕತೆಯನ್ನೋ, ಲಂಬಾಣಿ ತಾಂಡಾದ ಪದವನ್ನೋ ಯಾವುದಾದರೂ ಅಜ್ಜಿಯಿಂದ ಕಲಿತು ಹಾಡಿದಿರಾದರೆ ಆ ಅಜ್ಜಿಯನ್ನು ಕೇಳಿ, ಅವರ ಹೆಸರು, ಊರು ಹಾಕಿ. ಬಂದ ಹಣದಲ್ಲಿ ಅವರಿಗೂ ಪಾಲು ಕೊಡಿ. 'ಜಾನಪದ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಅಂಕಿತ ಉಳಿಯಲಿ ಎಂದು ಬಯಸುವವರು ಇನ್ನೊಬ್ಬರದನ್ನು ಅಳಿಸಬಾರದು.

ಕಂಪ್ಲಿಯ ಹುಡುಗರು ಹಾಡನ್ನು ಮತ್ತೆ ರೆಕಾರ್ಡ್ ಮಾಡಿಸಿದರು. ಶೀರ್ಷಿಕೆಯಲ್ಲಿ ಹಾಡಿನ ಹೆಸರು, ತಂಡದ ಹೆಸರು, ಕಂಪ್ಲಿ. ಕೊನೆಯ ಚರಣದಲ್ಲಿ ತಮಟೆ ನಿಂತ ಕೂಡಲೇ ನಾಲ್ವರೂ ಒಟ್ಟಿಗೆ ತಮ್ಮ ತಂಡದ ಹೆಸರು ಕೂಗುತ್ತಾರೆ. ಲಕ್ಷ ಜನ ನೋಡಿದರು ಎಂದು ನಾನು ಹೇಳಲಾರೆ. ಆದರೆ ಹೊಳೆಯಾಚೆಯ ಒಂದು ಊರಿನವರು ಅದನ್ನು ವಾಟ್ಸಾಪಿನಲ್ಲಿ ಕೇಳಿ, ಹೆಸರು ಹಿಡಿದು ಹುಡುಕಿ, ಜಾತ್ರೆಗೆ ಕರೆದರು. ಮುಂಗಡ ಕೊಟ್ಟೇ ಕರೆದರು.

ಹಾಡುವ ತಮ್ಮಂದಿರೇ, ತಂಗಿಯರೇ, ಇವತ್ತೇ ನಿಮ್ಮ ಫೋನು ತೆಗೆದು ನಿಮ್ಮ ಹಾಡಿನ ಫೈಲಿಗೆ ಏನು ಹೆಸರಿದೆ ನೋಡಿ. 'ಫೈನಲ್ 2' ಎಂದಿದ್ದರೆ ಅಳಿಸಿ, ನಿಮ್ಮ ಹೆಸರು, ನಿಮ್ಮ ಊರು ಬರೆಯಿರಿ. ಮಿಕ್ಕಿದ್ದೆಲ್ಲ ಅಲ್ಲಿಂದ ಮುಂದಕ್ಕೆ.